ಕುರುಗೋಡಿನ ಸಹಿ

"ಕುರುಗೋಡಿನ ಆ ಮನಿ ಹೆಸರು ದಾವಾದಿಂದ ತೆಗೀರಿ ಬಾಯಾರ. ಉಳಿದವರ ಜೋಡಿ ಕಂಪನಿ ರಾಜಿಗೆ ಬರತೈತಿ."

ಬಳ್ಳಾರಿ ಬಸ್ ನಿಲ್ದಾಣದಲ್ಲಿ ಚಿನ್ನಪ್ಪ ಮತ್ತೆ ಅಡ್ಡ ಬಂದಿದ್ದ. ಸೀಮೆಎಣ್ಣೆ ಸ್ಟೌ ಕಂಪನಿಯ ಏಜೆಂಟ್. ಗಿರಿಜಾಬಾಯಿ ಸ್ಟೌ ಸಿಡಿದು ಸುಟ್ಟು ಸುಕ್ಕಾದ ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಅವನೆದುರು ಹಿಡಿದರು.

"ಇದನ್ನ ನೋಡು. ಯಾರ ಹೆಸರೂ ತೆಗೆಯೂದಿಲ್ಲ."

"ಹಂಗಾರ ಆ ಮನಿಗಿ ನೀವೊಬ್ಬರೇ ಹೋಗಬ್ಯಾಡ್ರಿ."

ಎಂಥ ಕೊಬ್ಬು! ಹಾಡಹಗಲೇ ಬೆದರಿಸುತ್ತಾನೆ. ಆದರೂ ಗಿರಿಜಾಬಾಯಿ ಕುರುಗೋಡಿನ ಬಸ್ ಹತ್ತಿದರು. ಹಿಂದಿನ ಸೀಟಿನಲ್ಲಿ ಅವನೂ ಬಂದು ಕುಳಿತ.

ಎಂಬತ್ನಾಲ್ಕರ ಬೇಸಿಗೆ ಅದು. ಸಾಲೆಯಲ್ಲಿ ಪಾಠ ಹೇಳಿಕೊಂಡಿದ್ದ ಗಿರಿಜಾಬಾಯಿ ಮೊದಮೊದಲು ಒಬ್ಬರೇ ಕಂಪನಿಗೆ ಬರೆದು ಬರೆದು ಸೋತಿದ್ದರು. ಒಂಟಿ ಹೆಂಗಸಿನ ಗೋಳು ಮುಂಬಯಿಯ ಕಚೇರಿಗೆ ಎಲ್ಲಿ ಕೇಳಬೇಕು? ಸ್ಟೌ ಸಿಡಿದವರೆಲ್ಲ ಸೇರಿ ಒಂದೇ ದಾವೆ ಹೂಡಬಹುದೆಂದು ದಾರಿ ತೋರಿಸಿದವರು ವಕೀಲ ಪ್ರಾಣೇಶರಾಯರು. ಕೌಲ್ ಬಜಾರಿನಿಂದ ಸಿರುಗುಪ್ಪದವರೆಗೆ ಅಲೆದು ಗಿರಿಜಾಬಾಯಿ ಹೆಂಗಸರನ್ನು ಕೂಡಿಸಿದರು. ಒಬ್ಬಳ ಮುಖ ಬೆಂದಿತ್ತು, ಇನ್ನೊಬ್ಬಳ ಕಣ್ಣೇ ಹೋಗಿತ್ತು. ಆಸ್ಪತ್ರೆಯ ಖರ್ಚಿಗೆ ತಾಳಿ ಮಾರಿದವರಿಗೆ ಈ ದಾವೆ ಬಿಟ್ಟರೆ ಗತಿಯಿರಲಿಲ್ಲ.

"ಎಲ್ಲಾರೂ ಕೂಡಿದ್ರ ಕಂಪನಿ ಬಗ್ಗತದ," ಎಂದಿದ್ದರು ರಾಯರು. "ಆದ್ರ ಒಬ್ಬರ ಮಾತು ಸುಳ್ಳಾದ್ರ ಸಾಕು, ಎಲ್ಲಾರನ್ನೂ ಸುಳ್ಳರು ಮಾಡಿಬಿಡ್ತಾರ."

ದಾವೆಯ ಬೆನ್ನೆಲುಬು ಕುರುಗೋಡಿನ ಗುರುಬಸಮ್ಮ. ಆಕೆಯ ಸೊಸೆ ಜಂಬಮ್ಮ ಬೆಂದು ಸತ್ತಿದ್ದಳು. ಕೋರ್ಟೆಂದರೆ ಉಳಿದವರು ಹಿಂಜರಿದಾಗ ಮೊದಲ ಸಹಿ ಹಾಕಿದಾಕೆ ಈ ಅತ್ತೆ. "ನನಗ ದುಡ್ಡು ಬ್ಯಾಡ. ಸ್ಟೌ ಸಿಡಿದು ಸತ್ತಳು ಅಂತ ಕೋರ್ಟು ಬರದು ಕೊಟ್ರ ಸಾಕು," ಎಂದಿದ್ದಳು. ಆ ಮಾತಿಗೆ ಗಿರಿಜಾಬಾಯಿ ಅತ್ತೇಬಿಟ್ಟಿದ್ದರು. ಸಾವೊಂದು ಎದುರಿಗಿದ್ದರೆ ಯಾವ ಕೋರ್ಟೂ ಮುಖ ತಿರುಗಿಸಲಾರದು. ಅದಕ್ಕೇ ಕಂಪನಿಗೆ ಈ ಮನೆಯ ಮೇಲೆ ಕಣ್ಣು.

ಕುರುಗೋಡಿನಲ್ಲಿ ಚಿನ್ನಪ್ಪನೂ ಇಳಿದ. ಓಣಿಯ ತಿರುವಿನವರೆಗೆ ಹಿಂದೆಯೇ ಬಂದು ನಿಂತುಕೊಂಡ.

"ಬರ್ರಿ ಬಾಯಾರ," ಗುರುಬಸಮ್ಮ ಚಾಪೆ ಹಾಸಿದಳು. ಒಳಗೆಲ್ಲ ಕಟ್ಟಿಗೆಯ ಹೊಗೆ. ಹೊಸ ಸೊಸೆ ಚನ್ನವೀರಮ್ಮ ಒಲೆ ಊದುತ್ತಿದ್ದಳು. ಜಂಬಮ್ಮ ಸತ್ತು ವರ್ಷ ತುಂಬುವ ಮೊದಲೇ ಮಗ ಮರಿಬಸಪ್ಪನಿಗೆ ಮರುಮದುವೆಯಾಗಿತ್ತು. ಹುಡುಗಿ ತಲೆ ಎತ್ತಲಿಲ್ಲ.

"ಆ ಚಿನ್ನಪ್ಪ ಓಣ್ಯಾಗ ಮನಿ ಮನಿ ಕೇಳಾಕ ಹತ್ಯಾನ. ಅಂವಗ ಏನು ಬೇಕಾಗೇತಂತ?" ಗುರುಬಸಮ್ಮ ಹಲ್ಲು ಕಡಿದಳು.

"ಹೆದರಿಸಲಿಕ್ಕೆ ಬಂದಾನ್ರಿ. ನಾವು ಹೆದರಬಾರದು."

ನಾಳೆ ವಿಚಾರಣೆ. ಒಡೆದ ಸ್ಟೌವನ್ನು ಕೋರ್ಟಿಗೆ ಒಯ್ಯಲೆಂದೇ ಗಿರಿಜಾಬಾಯಿ ಬಂದಿದ್ದರು. ಅದನ್ನು ತರಲು ಗುರುಬಸಮ್ಮ ಹಿತ್ತಲಿಗೆ ಹೋದಳು.

ಚನ್ನವೀರಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಊದುಗೊಳವೆಯನ್ನು ಕೆಳಗಿಡುವುದನ್ನೂ ಮರೆತಿದ್ದಳು. ಪಾಪ, ಹುಡುಗಿಗೂ ಕೋರ್ಟಿನ ಭಯ ಹತ್ತಿರಬೇಕು.

"ನಿನಗೇನೂ ಆಗೂದಿಲ್ಲ ಮಗಳ," ಎಂದರು ಗಿರಿಜಾಬಾಯಿ.

ಹುಡುಗಿ ಹಿತ್ತಲ ಕಡೆಗೊಮ್ಮೆ ನೋಡಿ, ಅವರ ಕಿವಿಯ ಹತ್ತಿರ ಬಾಗಿದಳು.

"ಜಂಬಕ್ಕ ಸತ್ತ ದಿನ ಈ ಮನ್ಯಾಗ ಸ್ಟೌ ಅನ್ನೂದ ಇರಲಿಲ್ರಿ ಬಾಯಾರ. ಓಣಿ ಮಂದಿಗೆಲ್ಲ ಗೊತ್ತೈತಿ. ಆಮ್ಯಾಲೆ ತಂದು, ಒಡದು ಇಟ್ಟಾರ. ನಿನ್ನೆ ನನ್ನ ಸಲುವಾಗಿ ಇನ್ನೊಂದು ತಂದಾರ್ರಿ."