ಮನೆ ತುಂಬ ಮುನಿ

ಪಕ್ಕದ ಫ್ಲಾಟಿನವರು ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಿದಾಗಲೆಲ್ಲ, ಚಿಕ್ಕಲಸಂದ್ರದ ನಮ್ಮ ಮನೆಯಲ್ಲಿ ತಮ್ಮನಿಗೆ ಹೆಸರಿಟ್ಟ ಮಧ್ಯಾಹ್ನ ನೆನಪಾಗುತ್ತದೆ.

ಹೊಲದ ಬದುವಿನಲ್ಲಿದ್ದ ಮುನೇಶ್ವರನ ಹೆಸರನ್ನೇ ನಮ್ಮ ತಾತನಿಗೆ ಇಟ್ಟಿದ್ದರು, ಮುನಿಯಪ್ಪ ಎಂದು. ಹೊಲ ಹೋಗಿ ಬಾಡಿಗೆ ಮನೆಗಳೆದ್ದರೂ ಆ ಹೆಸರು ನಮ್ಮನ್ನು ಬಿಡಲಿಲ್ಲ. ದೊಡ್ಡಪ್ಪನ ಮಕ್ಕಳು ಮುನಿರಾಜು, ಮುನಿಕೃಷ್ಣ. ನಾನೂ ಒಬ್ಬ ಮುನಿ. ಯಾರಾದರೂ ‘ಮುನೀ’ ಎಂದು ಕೂಗಿದರೆ ಮೂವರೂ ಓಡಬೇಕು, ತಪ್ಪು ಯಾರದೇ ಇರಲಿ ಏಟು ಮೂವರಿಗೂ. ಅಜ್ಜಿಗೆ ಮಾತ್ರ ಈ ತೊಂದರೆಯೇ ಇರಲಿಲ್ಲ. ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ಅವಳು ನಮ್ಮೆಲ್ಲರನ್ನೂ ‘ಲೋ’ ಎಂದೇ ಕರೆಯುತ್ತಿದ್ದಳು.

ಆ ವರ್ಷ ತಾತ ತೀರಿಕೊಂಡಿದ್ದರು.

“ಈ ಕೂಸಿಗೆ ಅವರ ಹೆಸ್ರೇ ಇಡ್ಬೇಕು, ಪೂರ್ತಿ,” ಎಂದು ಅಜ್ಜಿ ಹಟ ಹಿಡಿದಳು.

“ಸ್ಕೂಲಲ್ಲಿ ನಗ್ತಾರೆ ಅತ್ತೆ. ಆರ್ಯನ್ ಅಂತ ಇಡೋಣ,” ಎಂದಳು ಅಮ್ಮ.

ಅಪ್ಪ ರೇಗಿದ. “ಆರ್ಯನ್ ಬೀದಿಗೊಬ್ಬ ಅವ್ನೆ, ಮುನಿಗಳು ಮನೆ ತುಂಬ ಅವ್ರೆ! ಏನಾದ್ರೂ ಒಂದು ಇಡಿ, ಊಟ ಆರೋಗ್ತಿದೆ.”

ನನಗಂತೂ ಅಳುವೇ ಬಂತು. ಇನ್ನೊಬ್ಬ ಮುನಿಯೇ?

ಕೊನೆಗೆ ಅಜ್ಜಿಯೇ ಗೆದ್ದಳು. ಹೆಸರನ್ನು ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಬೇಕಿತ್ತು. ತೊಟ್ಟಿಲಿಗೆ ಬಗ್ಗಿದವಳು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

“ಮೂರ್ ಸಲ ಆಯ್ತಲ್ಲಮ್ಮ, ಸಾಕು ಏಳು,” ಎಂದ ಅಪ್ಪ.

ಅಜ್ಜಿ ಇನ್ನೂ ಹೇಳುತ್ತಲೇ ಇದ್ದಳು.