ಕಕ್ಷಿದಾರಳ ಪಾತ್ರ

"ನಾ ಇಲ್ಲಿಗೆ ಬಂದದ್ದು ನನ್ನ ಗಂಡಗ ಗೊತ್ತಾಗಬಾರದ್ರೀ ಮೇಡಮ್ಮಾರ. ಗೊತ್ತಾದ್ರ ಜೀವಸಹಿತ ಬಿಡಂಗಿಲ್ಲ."

ಎದುರು ಕುರ್ಚಿಯ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂಯುಕ್ತಾ ಒಳಗೊಳಗೇ ನಕ್ಕಳು. ಕಾನೂನು ಕಾಲೇಜಿನಲ್ಲಿ ಅವಳದು ಕೊನೆಯ ವರ್ಷ. ಕಕ್ಷಿದಾರರಿಗೆ ಸಲಹೆ ಕೊಡುವ ಸ್ಪರ್ಧೆಯ ಕೊನೆಯ ಸುತ್ತು ಇವತ್ತು. ಗೆದ್ದರೆ ಹೈಕೋರ್ಟಿನ ದೊಡ್ಡ ವಕೀಲರೊಬ್ಬರ ಕೈಕೆಳಗೆ ಕೆಲಸ. ಕಕ್ಷಿದಾರರಾಗಿ ಬರುವವರು ನಾಟಕದವರು. ಅಳುತ್ತಾರೆ, ಸುಳ್ಳು ಹೇಳುತ್ತಾರೆ, ಕರಗಿದವರು ಸೋಲುತ್ತಾರೆ. ಹೋದ ವರ್ಷ ಸಂಯುಕ್ತಾ ಕರಗಿದ್ದಳು. ಇಡೀ ಕ್ಲಾಸು ಅವಳನ್ನು 'ಕರ್ಚೀಫ್ ವಕೀಲೆ' ಎಂದು ಆಡಿಕೊಂಡಿತ್ತು.

ಈ ಸಲ ಆ ಆಟ ನಡೆಯುವುದಿಲ್ಲ. ಉಚಿತ ಕಾನೂನು ನೆರವಿನ ಕೋಣೆಯನ್ನೇ ಸ್ಪರ್ಧೆಗೆ ಕೊಟ್ಟಿದ್ದರು, ಬಾಗಿಲ ಬೋರ್ಡು ಕೂಡ ತೆಗೆದಿರಲಿಲ್ಲ. ಗೋಡೆಯ ಮೇಲೆ ಕ್ಯಾಮರಾ. ತೀರ್ಪುಗಾರರು ಮೇಲಿನ ಮಹಡಿಯಲ್ಲಿ ಕೂತು ನೋಡುತ್ತಾರೆ. ಸಂಯುಕ್ತಾ ಅತ್ತ ಮುಖ ಮಾಡಿಯೇ ಕೂತಿದ್ದಳು.

ಈ ತೆಲುಗು ಊರಿನಲ್ಲಿ ಹೆಂಗಸು ಕನ್ನಡ ಮಾತಾಡಿದಾಗಲೇ ಅವಳಿಗೆ ಗುಟ್ಟು ತಿಳಿದಿತ್ತು. ಸ್ಪರ್ಧೆ ನಡೆಸುವ ಮಹೇಶಕುಮಾರ ಸರ್ ಬೀದರಿನವರು, ಮಹಾ ಕಿಲಾಡಿ. ಬಾಲಾನಗರದ ಕನ್ನಡದ ಹುಡುಗಿ, ಮನೆಮಾತು ಕೇಳಿದರೆ ಬೆಣ್ಣೆಯಾಗುತ್ತಾಳೆ ಅಂದುಕೊಂಡಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಸರ್!

"ಹೆಸರು?"

"ಶಿವದೇವಿರಿ. ದಿನಾ ಹೊಡೀತಾನ್ರೀ ಅಂವ."

"ಹೊಡೆದದ್ದಕ್ಕ ಸಾಕ್ಷಿ ಏನೈತಿ?"

ಶಿವದೇವಿ ತೋಳು ಚಾಚಿದಳು. ಮೊಣಕೈವರೆಗೂ ನೀಲಿ. ಭೇಷ್, ಬಣ್ಣ ಚೆನ್ನಾಗಿಯೇ ಬಳಿದಿದ್ದಾರೆ. ಸಂಯುಕ್ತಾ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಉಜ್ಜಿದಳು. "ಯವ್ವಾ!" ಎಂದು ಹೆಂಗಸು ಚೀರಿದಳು. ಬಣ್ಣ ಮಾತ್ರ ಕೈಗೆ ಹತ್ತಲಿಲ್ಲ. ದುಬಾರಿ ಮಾಲೇ ಇರಬೇಕು.

"ನಿಮ್ಮ ಯಜಮಾನರ ಮಾತೂ ಕೇಳಬೇಕಲ್ಲ. ಫೋನ್ ಹಚ್ಚೋಣು."

"ಬ್ಯಾಡ್ರೀ, ನಿಮ್ಮ ಕಾಲಿಗೆ ಬೀಳ್ತೀನಿ!"

ಬಿದ್ದೇಬಿಟ್ಟಳು. ಬೋನು ಇರುವುದು ಇಲ್ಲೇ, ಅಂದುಕೊಂಡಳು ಸಂಯುಕ್ತಾ. ಅಳುಬುರುಕರು ಇಲ್ಲಿಗೇ ನಿಲ್ಲುತ್ತಾರೆ. ಎರಡೂ ಕಡೆ ಕೇಳಿ ರಾಜಿ ಮಾಡಿಸಿದವರೇ ಗೆಲ್ಲುವವರು. ಮೇಜಿನ ಮೇಲಿದ್ದ ಹೆಂಗಸಿನ ಫೋನು ಎತ್ತಿಕೊಂಡು, ಮಿಸ್ಡ್ ಕಾಲುಗಳಲ್ಲಿ ಮೇಲೆಯೇ ಇದ್ದ ಗಂಡನ ನಂಬರಿಗೆ ತಾನೇ ಹಚ್ಚಿದಳು.

ಗಂಡನ ದನಿ ಜೇನು. "ಅಯ್ಯ ಮೇಡಂ, ಸಣ್ಣ ಜಗಳಾರಿ. ಮುಂಜಾನಿಂದ ಹುಡುಕಾಕತ್ತೀನಿ. ಎಲ್ಲಿ ಅದಾಳ್ರಿ?"

ಸಂಯುಕ್ತಾ ಕಾಲೇಜಿನ ಹೆಸರು ಹೇಳಿದಳು.

"ಇಲ್ಲೇ ದಿಲ್‌ಸುಖ್‌ನಗರದಾಗ ಅದೀನ್ರಿ. ಬಂದೆ."

ಶಿವದೇವಿ ಬಾಗಿಲಿಗೆ ಓಡಿದಳು. ಸಂಯುಕ್ತಾ ಅಡ್ಡ ನಿಂತು, "ಕೂಡ್ರಿ, ನಾ ಅದೀನಲ್ಲ" ಎಂದಳು. ಆಮೇಲೆ ಹೆಂಗಸು ಅಳಲಿಲ್ಲ. ತಾಳಿ ಮುಷ್ಟಿಯಲ್ಲಿ ಹಿಡಿದು ನೆಲ ನೋಡುತ್ತ ಕೂತಳು. ಪಾಪ, ಕಲಿಸಿಕೊಟ್ಟ ಮಾತು ಖರ್ಚಾಗಿರಬೇಕು.

ಬಂದವನು ಇಸ್ತ್ರಿ ಅಂಗಿಯ ಸಭ್ಯ ಮನುಷ್ಯ. ಸಂಸಾರದ ಬಗ್ಗೆ ಸಂಯುಕ್ತಾ ಹೇಳಿದ ಬುದ್ಧಿಮಾತಿಗೆಲ್ಲ ತಲೆಯಾಡಿಸಿದ. "ಭಾಳ ಉಪಕಾರ ಆತ್ರಿ" ಎಂದು ಕೈಮುಗಿದ. ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ನಡೆದ.

ಸಂಯುಕ್ತಾ ಕಿಟಕಿಯಿಂದ ನೋಡಿದಳು. ಗೇಟಿನಾಚೆ ಅವನು ಹೆಂಡತಿಯ ಜಡೆಯನ್ನು ಕೈಗೆ ಸುತ್ತಿಕೊಂಡು ಬೈಕಿನ ಮೇಲೆ ಎಳೆದು ಕೂರಿಸಿದ. ಅಬ್ಬಾ, ಗಂಡನ ಪಾತ್ರಕ್ಕೂ ಒಬ್ಬನನ್ನು ಕರೆಸಿದ್ದಾರಲ್ಲ! ಗೇಟಿನಾಚೆಗೂ ನಾಟಕ ಬಿಡುತ್ತಿಲ್ಲ! ಗೆದ್ದ ಖುಷಿಯಲ್ಲಿ ಅವಳು ಕ್ಯಾಮರಾದ ಕಡೆ ತಿರುಗಿ ನಕ್ಕಳು.

ಬಾಗಿಲು ತೆರೆಯಿತು. ಮಹೇಶಕುಮಾರ ಸರ್. ಹಿಂದೆ ಏದುಸಿರು ಬಿಡುತ್ತ ಒಬ್ಬ ಹುಡುಗಿ. ಅವಳ ತೋಳಿನ ನೀಲಿ ಬಣ್ಣ ಬೆವರಿಗೆ ಕರಗಿ ಇಳಿಯುತ್ತಿತ್ತು.

"ಭಾಳ ಹೊತ್ತು ಕಾಯಿಸಿದ್ವಿ ಸಂಯುಕ್ತಾ, ಈ ಪಿಂಕೀದು ಬಸ್ಸು ಕೋಠಿ ಟ್ರಾಫಿಕ್ಕಿನಾಗ ಸಿಕ್ಕೊಂಡಿತ್ತು. ತಗೋ, ನಿನ್ನ ಕಕ್ಷಿದಾರಳು ಬಂದ್ಲು, ಇನ್ನ ಕ್ಯಾಮರಾ ಚಾಲೂ ಮಾಡ್ಲೇನು?"