ಕ್ಷಮೆಯ ಸಾಲು

ಅಜ್ಜಿಯ ಮುಂದೆ ಬಂದ ವೆನಿಂಗ್ ಮಂಡಿಯೂರಲಿಲ್ಲ. ನಿಂತೇ ಇದ್ದಳು.

ಉಪವಾಸದ ತಿಂಗಳು ಕಳೆದು, ಲೆಬಾರಾನ್ ಹಬ್ಬದ ಬೆಳಗು ಸಲಾತಿಗ ಊರಿನ ಆ ಮನೆಯೊಳಕ್ಕೆ ಹರಿದು ಬಂದಿತ್ತು. ಅಡುಗೆಮನೆಯಿಂದ ತೆಂಗಿನ ಹಾಲಿನಲ್ಲಿ ಬೆಂದ ಕೋಳಿಯ ಪರಿಮಳ. ಬೆತ್ತದ ಕುರ್ಚಿಯಲ್ಲಿ ಅಜ್ಜಿ ಸುಮಿನಾಹ್. ಅವಳ ಪಾದದ ಬಳಿ ಚಾಪೆ. ಕಿರಿಯರು ಒಬ್ಬೊಬ್ಬರಾಗಿ ಬಂದು, ಮಂಡಿಯೂರಿ, ಜೋಡಿಸಿದ ಕೈಗಳನ್ನೂ ಹಣೆಯನ್ನೂ ಅವಳ ಮಡಿಲಿಗೆ ಒಪ್ಪಿಸಿ, ವರ್ಷವಿಡೀ ತಿಳಿದೋ ತಿಳಿಯದೆಯೋ ಮಾಡಿದ ತಪ್ಪುಗಳಿಗೆ ಕ್ಷಮೆ ಬೇಡಬೇಕು. ಅಜ್ಜಿಯ ಸ್ವಂತ ಮಕ್ಕಳ ಸರದಿ ಆಗಲೇ ಮುಗಿದಿತ್ತು. ಮೊಮ್ಮಕ್ಕಳಲ್ಲಿ ಹಿರಿಯಳು ಹನ್ನೆರಡರ ವೆನಿಂಗ್. ಅವಳ ದೊಡ್ಡಮ್ಮ ಸುಲಾಸ್ತ್ರಿ, ಪ್ರತಿ ವರ್ಷದಂತೆ, ಎರಡೂ ಕೈಗಳಲ್ಲಿ ಫೋನ್ ಹಿಡಿದು ಎಲ್ಲವನ್ನೂ ಚಿತ್ರೀಕರಿಸುತ್ತಿದ್ದಳು.

“ಬೇಗ ಬಗ್ಗೇ ಮಹಾರಾಣಿ, ಕೋಳಿ ಆರ್ತಾ ಇದೆ,” ಎಂದಳು ಸುಲಾಸ್ತ್ರಿ. ಮನೆಮಂದಿ ನಕ್ಕರು.

“ನಾನು ಬಗ್ಗಲ್ಲ,” ಎಂದಳು ವೆನಿಂಗ್. “ಅಜ್ಜಿ, ಈ ಸಲ ನಾನು ಕ್ಷಮೆ ಕೇಳಲ್ಲ. ನೀನೇ ಕೇಳ್ಬೇಕು.”

ನಗು ಎಲ್ಲಿತ್ತೋ ಅಲ್ಲೇ ನಿಂತಿತು. ತಾಯಿ ಧಾವಿಸಿ ಬಂದು ಮಗಳ ತೋಳು ಹಿಡಿದೆಳೆದಳು. “ತಲೆ ಕೆಟ್ಟಿದೆಯೇನೇ ನಿಂಗೆ? ಯಾರ ಹತ್ರ ಮಾತಾಡ್ತಿದೀಯ ಗೊತ್ತಾ?”

“ಬಿಡು ಅವಳ್ನ,” ಎಂದಳು ಅಜ್ಜಿ. “ಹೇಳು ಪುಟ್ಟಿ. ನಾನೇನು ಮಾಡ್ದೆ?”

“ದಿನಾ ನನ್ನ ಮುಖ ಕಳಿಸ್ತೀಯಲ್ಲ, ಎಲ್ಲರಿಗೂ.”

ಸಾಕಿದ ಬೆಕ್ಕು ಬೈಕಿನ ಚಕ್ರಕ್ಕೆ ಸಿಕ್ಕಿ ಸತ್ತ ದಿನ ವೆನಿಂಗ್ ಬೀದಿಯಲ್ಲಿ ಕುಳಿತು ಬಾಯಿ ತೆರೆದು ಅತ್ತಿದ್ದಳು. ಸುಲಾಸ್ತ್ರಿ ಆ ಮುಖವನ್ನು ಕತ್ತರಿಸಿ, ಕೆಳಗೊಂದು ಸಾಲು ಬರೆದು, ಸ್ಟಿಕರ್ ಮಾಡಿ ಕುಟುಂಬದ ಗ್ರೂಪಿಗೆ ಹಾಕಿದ್ದಳು. ಅಲ್ಲಿಂದ ಅದು ಕೇರಿಗೆ, ಕೇರಿಯಿಂದ ಶಾಲೆಗೆ ಹೋಯಿತು. ಒಂದು ಮಗುವಿನ ದುಃಖ ಇಡೀ ಊರಿನ ಬೇಸರಕ್ಕೆ, ಬಿಸಿಲಿಗೆ, ತಡವಾದ ಬಸ್ಸಿಗೆ ಮುಖವಾಯಿತು. ಕಣ್ಣು ಮಂಜಾಗಿ ಅಕ್ಷರಗಳನ್ನು ಕಳೆದುಕೊಂಡಿದ್ದ ಅಜ್ಜಿಗೆ ಮಾತ್ರ ಅದೊಂದು ವರವೇ ಆಗಿತ್ತು. ಒಂದು ಬೆರಳೊತ್ತಿದರೆ ಜಗತ್ತಿನೊಡನೆ ಮಾತು.

“ಅದಾ? ನಿನ್ನ ಮುಖ ನೋಡಿದ್ರೆ ಜೀವಕ್ಕೆ ಹಿತ ಕಣೇ, ಅದಕ್ಕೇ ಕಳಿಸ್ತೀನಿ,” ಎಂದಳು ಅಜ್ಜಿ. “ಎದುರುಮನೆ ತುಗಿಮನ್ ತೀರ್ಕೊಂಡಾಗ್ಲೂ ಕಳಿಸ್ದೆ. ನನ್ನ ಮೊಮ್ಮಗಳೂ ನಿಮ್ಮ ಜೊತೆ ಅಳ್ತಿದಾಳೆ ಅಂತ.”

“ತುಗಿಮನ್ ತಾತನ ಮೊಮ್ಮಗ ನನ್ನ ಕ್ಲಾಸು. ಅವರ ತಾತ ಸತ್ತಿದ್ದಕ್ಕೆ ನಾವು ಗೇಲಿ ಮಾಡಿದ್ವಿ ಅಂದ್ಕೊಂಡ. ಅದರ ಕೆಳಗೆ ಏನು ಬರ್ದಿದೆ ಗೊತ್ತಾ ಅಜ್ಜಿ? ‘ಅಯ್ಯೋ, ಮತ್ತೆ ಸೋಮವಾರ!’ ಅಂತ.”

“ನಾನು ಅದು ನಿನ್ನ ಹೆಸರು ಅಂದ್ಕೊಂಡಿದ್ದೆ,” ಎಂದಳು ಅಜ್ಜಿ.

“ನಾನು ಸ್ಕೂಲಿಗೆ ಯಾಕೆ ಹೋಗ್ತಿಲ್ಲ ಅಂತ ಎಲ್ಲರೂ ಕೇಳ್ತೀರಿ. ಗೇಟ್ ದಾಟಿದ್ರೆ ಸಾಕು, ಹುಡುಗ್ರೆಲ್ಲ ಬಾಯಿ ಅಗಲ ಮಾಡಿ ನನ್ನ ಥರ ಅಳ್ತಾರೆ. ಸ್ನಾನದ ಮನೆ ಕನ್ನಡೀನ ಗೋಡೆ ಕಡೆ ತಿರುಗಿಸಿದೀನಿ, ಯಾರಿಗೂ ಗೊತ್ತೇ ಆಗ್ಲಿಲ್ಲ. ಮೊನ್ನೆ ಯೋಚ್ನೆ ಮಾಡ್ತಿದ್ದೆ, ನಾನು ಸತ್ರೆ ನೀವೆಲ್ಲ ಗ್ರೂಪಲ್ಲಿ ಯಾವ ಸ್ಟಿಕರ್ ಹಾಕ್ತೀರಿ ಅಂತ.”

ತಾಯಿಯ ಕೈ ತಾನಾಗಿಯೇ ಮಗಳ ತೋಳಿನಿಂದ ಜಾರಿತು.

“ಅಯ್ಯ, ತಮಾಷೆಗೆ ಮಾಡಿದ್ದು ಕಣೇ!” ಎಂದಳು ಸುಲಾಸ್ತ್ರಿ, ಫೋನಿನ ಹಿಂದಿನಿಂದಲೇ. “ಈಗಿನ ಮಕ್ಕಳಿಗೆ ಮುಟ್ಟಿದ್ರೆ ನೋವು. ನಮ್ಮನ್ನ ಎಷ್ಟು ಗೋಳು ಹೊಯ್ಕೊಂಡಿಲ್ಲ ಜನ? ನಾವೇನು ಸತ್ತು ಹೋದ್ವಾ?”

“ನಿಮ್ಮನ್ನ ಗೋಳು ಹೊಯ್ಕೊಂಡೋರು ಸಾಯಂಕಾಲ ಅವರವರ ಮನೆಗೆ ಹೋಗ್ತಿದ್ರು ದೊಡ್ಡಮ್ಮ. ನನ್ನೋರು ಹೋಗಲ್ಲ. ದಿಂಬಿನ ಪಕ್ಕದಲ್ಲೇ ಇರ್ತಾರೆ.”

ಅಜ್ಜಿ ಕುರ್ಚಿಯ ಎರಡೂ ತೋಳುಗಳಿಗೆ ಕೈ ಊರಿ ಎದ್ದಳು. ಮೊಮ್ಮಗಳ ಭುಜ ಹಿಡಿದು, “ಕುತ್ಕೋ,” ಎಂದಳು. ವೆನಿಂಗ್ ಅಜ್ಜಿಯ ಕುರ್ಚಿಯಲ್ಲಿ ಕುಳಿತಳು. ಮುದುಕಿ ಚಾಪೆಯ ಮೇಲೆ ಒಂದು ಮಂಡಿ ಊರುತ್ತಿದ್ದಂತೆ ತಾಯಿ ಕೂಗಿಕೊಂಡಳು: “ಅಮ್ಮಾ, ಬೇಡ! ಹಿರಿಯರು ಬಗ್ಗಬಾರ್ದು, ಮಗೂಗೆ ಶಾಪ ತಟ್ಟುತ್ತೆ!”

“ತಟ್ಟೋದು ಆಗ್ಲೇ ತಟ್ಟಿದೆ,” ಎಂದಳು ಅಜ್ಜಿ, ಇನ್ನೊಂದು ಮಂಡಿಯನ್ನೂ ಊರುತ್ತಾ.

‘ಬೇಡ ಅಜ್ಜಿ’ ಎಂಬ ಮಾತು ವೆನಿಂಗಳ ಗಂಟಲವರೆಗೆ ಬಂದಿತು. ಅದನ್ನವಳು ನುಂಗಿದಳು. ಬೆನ್ನು ನೆಟ್ಟಗೆ ಮಾಡಿ, ತುಟಿ ಕಚ್ಚಿ, ಆ ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತಳು. ಬಿಳಿಯ ತಲೆಯೊಂದು ನಿಧಾನವಾಗಿ ಇಳಿದು ಅವಳ ಮಡಿಲನ್ನು ಮುಟ್ಟಿತು.

“ತಪ್ಪಾಯ್ತು ಮಗಳೇ. ತಿಳೀದೆ ಮಾಡ್ದೆ. ನಿನ್ನ ಕೇಳದೆ ಇದ್ದಿದ್ದೂ ನನ್ನ ತಪ್ಪೇ.”

ಹಿರಿಯರು ಮಾಡುವಂತೆಯೇ ವೆನಿಂಗ್ ಆ ತಲೆಯ ಮೇಲೆ ಅಂಗೈ ಇಟ್ಟಳು. ಬೇಗ ತೆಗೆಯಲಿಲ್ಲ.

ಅಜ್ಜಿ ಮೇಲೇಳಲಿಲ್ಲ. ಚಾಪೆಯ ಮೇಲೇ ಪಕ್ಕಕ್ಕೆ ಸರಿದು, ಇನ್ನೊಬ್ಬರಿಗೆ ಜಾಗ ಮಾಡಿ, ಹಿರಿಯ ಮಗಳ ಕಡೆ ತಿರುಗಿದಳು. “ಬಾ ಸುಲಾಸ್ತ್ರಿ. ಮುಂದಿನ ಸರದಿ ನಿಂದು. ನನ್ನ ಮಂಡಿಗಿಂತ ನಿನ್ನ ಮಂಡಿ ಚೆನ್ನಾಗೇ ಬಾಗುತ್ತೆ.”

ಕೈ ಜೋಡಿಸಬೇಕಾದರೆ ಎರಡೂ ಕೈ ಬರಿದಾಗಿರಬೇಕು. ಸುಲಾಸ್ತ್ರಿ ಫೋನನ್ನು ಯಾರಿಗಾದರೂ ಕೊಡಲೆಂದು ಸುತ್ತಲೂ ನೋಡಿದಳು. ಹಿಡಿದುಕೊಳ್ಳಲು ಯಾರೂ ಕೈ ಚಾಚಲಿಲ್ಲ.